‘ಸ’ ಇಲ್ಲದ ಭಾನುವಾರ

ಅರ್ಥವಾಗದ್ದನ್ನು ಇಷ್ಟಪಡುವ ಹಕ್ಕು ಎಲ್ಲರಿಗೂ ಇದೆ ಎಂದು ನಾನು ಬಲವಾಗಿ ನಂಬಿದವಳು. ನಮ್ಮ ಯಜಮಾನರು ಷೇರುಪೇಟೆಯ ಸುದ್ದಿಯನ್ನು ಒಂದಿಷ್ಟೂ ತಿಳಿಯದೆ ತಲೆಯಾಡಿಸುತ್ತಾ ಓದುತ್ತಾರೆ. ಮದುವೆಮನೆಯಲ್ಲಿ ಮಂತ್ರ ಎಷ್ಟು ಜನಕ್ಕೆ ಅರ್ಥವಾಗುತ್ತದೆ? ಅಕ್ಷತೆಯನ್ನು ಎಲ್ಲರೂ ಹಾಕುತ್ತಾರೆ. ಆದರೆ ಹಲಸೂರಿನ ಸೊಸೆಯೊಬ್ಬಳು ರಾಗವಿಲ್ಲದ, ಶ್ರುತಿಯಿಲ್ಲದ ಪಾಶ್ಚಾತ್ಯ ಸಂಗೀತ ಕೇಳಲು ಕೂತರೆ ಮಾತ್ರ ಮನೆಮಂದಿಗೆಲ್ಲ ಕಾರಣ ಹೇಳಬೇಕು. ನಾನು ಹೇಳಲಿಲ್ಲ. ಏಕೆ ಹೇಳಬೇಕು?

ಕುಕ್ ಟೌನಿನ ಶಾಲೆಯೊಂದರಲ್ಲಿ ನಾನು ಕನ್ನಡ ಟೀಚರು, ಡೊರೀನ್ ಮಿಸ್ ಪಿಯಾನೋ ಟೀಚರು. ಒಂದು ಶನಿವಾರ ಅವರು ನನ್ನ ಕೈಗೆ ವಿಯೆನ್ನಾ ಸಂಗೀತಗಾರರದೊಂದು ಕ್ಯಾಸೆಟ್ಟು ಕೊಟ್ಟು, “ಇದ್ರಲ್ಲಿ ಯಾರೂ ಬಾಸ್ ಅಲ್ಲ, ಮೈ ಡಿಯರ್. ಹನ್ನೆರಡು ನೋಟೂ ಈಕ್ವಲ್. ಎಲ್ರ ಟರ್ನ್ ಮುಗಿಯೋವರ್ಗೂ ಫಸ್ಟ್ ಬಂದವ್ರು ವಾಪಸ್ ಬರಂಗಿಲ್ಲ” ಎಂದರು. ನಮ್ಮ ಸಂಗೀತದಲ್ಲೂ ಸ್ವರಸ್ಥಾನಗಳು ಹನ್ನೆರಡೇ. ಆದರೆ ನಮ್ಮಲ್ಲಿ ಯಾವ ಸ್ವರ ಎಲ್ಲಿ ಅಲೆದರೂ ಕೊನೆಗೆ ‘ಸ’ದ ಮನೆಗೆ ಬಂದು ಚಪ್ಪಲಿ ಬಿಡಬೇಕು. ನಮ್ಮ ಮನೆಯ ‘ಸ’ ನಮ್ಮತ್ತೆ. ಸಾರಿನ ಉಪ್ಪಿರಲಿ, ಮಕ್ಕಳ ಟ್ಯೂಷನ್ ಇರಲಿ, ಮಾತು ಎಲ್ಲಿ ಹೊರಟರೂ ಅವರ ಬಳಿಯೇ ಮುಗಿಯಬೇಕು. ಹೀಗಾಗಿ ಒಂದು ಸ್ವರವನ್ನೂ ಕೇಳುವ ಮೊದಲೇ ನಾನು ಆ ಪಂಥಕ್ಕೆ ಸೇರಿಬಿಟ್ಟೆ.

ಭಾನುವಾರ ಊಟವಾದ ಮೇಲೆ ಹಾಲ್‌ನಲ್ಲಿ ಕ್ಯಾಸೆಟ್ಟು ಹಾಕಿದೆ. ಪಿಯಾನೋ ಒಮ್ಮೆ ಟಣ್ ಎಂದು ಸುಮ್ಮನಾಯಿತು. ಯಾರೋ ಪಿಟೀಲಿನ ಕಿವಿ ಹಿಂಡಿದರು. ಮತ್ತೆ ಮೌನ. ಯಜಮಾನರು ಪೇಪರು ಮಡಚಿಕೊಂಡು ಮಹಡಿ ಹತ್ತಿದರು, ಮಕ್ಕಳು ಬೀದಿಗೆ ಓಡಿದರು. ಬೆರಳಿನ ಗೆಣ್ಣುಗಳ ಮೇಲೆ ಜಪ ಎಣಿಸುವಂತೆ ಸ್ವರ ಎಣಿಸಲು ನೋಡಿದೆ. ಅರ್ಧದಲ್ಲೇ ಲೆಕ್ಕ ತಪ್ಪಿತು. ಹನ್ನೆರಡು ಸ್ವರಗಳ ಅದೇ ಸಾಲು ಹಿಂದುಮುಂದಾಗಿಯೂ ತಲೆಕೆಳಗಾಗಿಯೂ ಬರುತ್ತದೆಂದು ಮಿಸ್ ಹೇಳಿದ್ದರು. ನೆಟ್ಟಗೆ ಬಂದಾಗಲೇ ಗುರುತು ಸಿಗದವಳಿಗೆ ತಲೆಕೆಳಗಾಗಿ ಬಂದರೆ ಸಿಕ್ಕೀತೇ? ಆದರೂ ಕಣ್ಣು ಮುಚ್ಚಿ ತಲೆದೂಗಿದೆ. ಆಗ ಹೊಳೆಯಿತು: ಮದುವೆಯಾಗಿ ಬಂದ ಮೇಲೆ ಭಾನುವಾರ ಮಧ್ಯಾಹ್ನ ಯಾರೂ ನನ್ನನ್ನು ಕೂಗದ ಮೊದಲ ಗಂಟೆ ಇದು. ಆ ಗಂಟೆಯನ್ನು ಇನ್ನು ಯಾರಿಗೂ ಬಿಟ್ಟುಕೊಡಬಾರದೆಂದು ಅಲ್ಲೇ ನಿರ್ಧರಿಸಿದೆ. ಅಷ್ಟು ಸಂತೋಷ ನನಗೆ ಯಾವ ಕಲ್ಯಾಣಿ ರಾಗವೂ ಕೊಟ್ಟಿರಲಿಲ್ಲ.

ಮುಂದಿನ ಭಾನುವಾರ ಅತ್ತೆ ತಮ್ಮ ಶ್ರುತಿಪೆಟ್ಟಿಗೆಯನ್ನು ಎತ್ತಿಕೊಂಡು ಬಂದರು. ಅವರು ನಮ್ಮ ಬೀದಿಯ ಭಜನೆ ಮಂಡಳಿಯ ಮುಖ್ಯಸ್ಥೆ. ಶ್ರುತಿಯಿಲ್ಲದೆ ಮಂಗಳಾರತಿಯನ್ನೂ ಹಾಡುವವರಲ್ಲ. “ಪಾಪ, ಆಧಾರ ಇಲ್ದೆ ಅಲೀತಾ ಅವ್ರೆ ಕಣಮ್ಮಾ. ಹಿಡ್ಕೊಳ್ಳೋಕೆ ಏನಾದ್ರೂ ಬೇಡ್ವಾ?” ಎನ್ನುತ್ತಾ ಪ್ಲಗ್ಗು ಸಿಕ್ಕಿಸಿಯೇಬಿಟ್ಟರು. ಪೆಟ್ಟಿಗೆ ‘ಸ’ ಎಂದು ಗುಂಯ್‌ಗುಟ್ಟಿತು. ವಿಯೆನ್ನಾದ ವಿದ್ವಾಂಸರೆಲ್ಲ ಹಲಸೂರಿನ ಭಜನೆಗೆ ತಡವಾಗಿ ಬಂದು ಸ್ವರ ಹುಡುಕುತ್ತಿರುವಂತೆ ಕೇಳಿಸಿತು.

“ಆಫ್ ಮಾಡಿ ಅತ್ತೆ! ಇದಕ್ಕೆ ‘ಸ’ ಬೇಕಾಗಿಲ್ಲ!” ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಒಳಗೊಳಗೇ ಹೆದರಿಕೆಯಾದರೂ ಮುಖ ಬಿಗಿದುಕೊಂಡು ಕೂತೆ. ಅತ್ತೆ ಪೆಟ್ಟಿಗೆ ಆರಿಸಿದರು. ಆದರೆ ಎದ್ದು ಹೋಗಲಿಲ್ಲ. “ಹಂಗಾದ್ರೆ ಹೆಂಗ್ ಕೇಳೋದು, ನೀನೇ ಹೇಳ್ಕೊಡು” ಎಂದರು. ಗೆದ್ದ ಹುಮ್ಮಸ್ಸಿನಲ್ಲಿ ಪಾಠವನ್ನೇ ಮಾಡಿಬಿಟ್ಟೆ: ಇಲ್ಲಿ ಯಾರೂ ದೊಡ್ಡವರಲ್ಲ, ಎಲ್ಲರಿಗೂ ಸರದಿ, ಕಾದು ಕೇಳಬೇಕು. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಗಂಟೆಯಾದರೂ ಉಳಿಯುತ್ತಿತ್ತು.

ಅದರ ಮುಂದಿನ ವಾರ ಮಾರತ್ತಹಳ್ಳಿಯಿಂದ ನಾದಿನಿ ಬಂದಳು. ಬಾಗಿಲಲ್ಲೇ ನಿಂತು, “ಏನತ್ಗೆ ಇದು, ಪಾತ್ರೆ ಸ್ಟ್ಯಾಂಡ್ ಬಿದ್ದಂಗಿದೆ!” ಎಂದು ನಕ್ಕಳು. ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಎದ್ದೆ. ಅಷ್ಟರಲ್ಲಿ ಅತ್ತೆಯೇ ಮಗಳ ಮೇಲೆ ಹರಿಹಾಯ್ದರು. “ಸುಮ್ನಿರೇ! ನಿಂಗೇನ್ ಗೊತ್ತು? ಇದ್ರಲ್ಲಿ ದೊಡ್ಡೋರು ಚಿಕ್ಕೋರು ಅಂತಿಲ್ಲ, ಎಲ್ರೂ ಒಂದೇ. ಕೂತ್ಕೊಂಡ್ ಕೇಳು.” ಆಮೇಲೆ ನನ್ನ ಕಡೆ ತಿರುಗಿ, “ಹೆಂಗೂ ಎದ್ದಿದ್ದೀಯ, ಎಲ್ರಿಗೂ ಕಾಫಿ ಇಟ್ಬಿಡಮ್ಮಾ” ಎಂದರು.

ಈಗ ಭಾನುವಾರ ಮಧ್ಯಾಹ್ನ ಭಜನೆ ಮಂಡಳಿಯವರೆಲ್ಲ ನಮ್ಮ ಹಾಲ್‌ನಲ್ಲೇ ಇರುತ್ತಾರೆ. ಅತ್ತೆ ಟೇಪ್ ರೆಕಾರ್ಡರಿನ ಪಕ್ಕ ಕೂತು, “ಈಗ ಪಿಟೀಲು ಬರ್ತದೆ ನೋಡಿ” ಎಂದು ಮುಂಚಿತವಾಗಿಯೇ ಹೇಳುತ್ತಾರೆ. ಅದು ಬರುತ್ತದೆ ಕೂಡ. ಯಜಮಾನರೂ ಮಹಡಿಯಿಂದ ಇಳಿದುಬಿಟ್ಟಿದ್ದಾರೆ. ನಾನು ಅಡುಗೆಮನೆಯಲ್ಲಿ ಹಾಲು ಉಕ್ಕದಂತೆ ಕಾಯುತ್ತಾ, ಬೇಕೆಂದೇ ಲೋಟಗಳ ಸದ್ದು ಮಾಡುತ್ತೇನೆ. ಅದೂ ಸಂಗೀತದ್ದೇ ಭಾಗವೆಂದುಕೊಂಡು ಅವರು ತಲೆದೂಗುತ್ತಾರೆ.

ಮೊನ್ನೆ ಸ್ಟಾಫ್ ರೂಮಿನಲ್ಲಿ ಡೊರೀನ್ ಮಿಸ್, “ಹೇಗಿದೆ ಮೈ ಡಿಯರ್, ಅರ್ಥ ಆಯ್ತಾ?” ಎಂದು ಕೇಳಿದರು.

“ಒಂಚೂರೂ ಆಗ್ಲಿಲ್ಲ ಮಿಸ್” ಎಂದೆ, ತಲೆಯೆತ್ತಿಯೇ. “ಇದಕ್ಕಿಂತ ಘೋರವಾದದ್ದು ಏನಾದ್ರೂ ಇದ್ರೆ ಕೊಡಿ.”