ಮಕ್ಕಳ ಮರಳು, ದೊಡ್ಡವರ ನೀರು

ಮಕ್ಕಳು, ಮರಳು, ನೀರು, ಈ ಮೂರನ್ನು ಒಂದು ಕಡೆ ಸೇರಿಸಿದರೆ ತೊಂದರೆಯೇನೂ ಆಗುವುದಿಲ್ಲ. ನೋಡಲು ದೊಡ್ಡವರು ಬಂದು ನಿಂತರೆ ಮಾತ್ರ ಏನಾದರೊಂದು ಆಗಿಯೇ ಆಗುತ್ತದೆ. ಅರವತ್ತರ ದಶಕದಲ್ಲಿ ನಾನು ತಮಿಳುನಾಡಿನಲ್ಲಿ, ತೇನಿಯಿಂದ ಕಂಬಂಗೆ ಹೋಗುವ ದಾರಿಯ ಒಂದು ಊರಿನಲ್ಲಿ ಬಾಲವಾಡಿ ಟೀಚರಾಗಿದ್ದೆ. ಊರಲ್ಲಿ ಅರ್ಧಕ್ಕರ್ಧ ನಮ್ಮ ಜನವೇ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಜಗಳ ಎರಡರಲ್ಲೂ.

ದಿಂಡಿಗಲ್ಲಿನ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು: ಎಳೆಯ ಮಕ್ಕಳಿಗೆ ಮರಳು ನೀರಿನ ಆಟ ಬಹಳ ಒಳ್ಳೆಯದು. ತುಂಬುತ್ತ ಸುರಿಯುತ್ತ ಕೈಗೆ ಹಿಡಿತ ಬರುತ್ತದೆ, ಹೆಚ್ಚು ಕಡಿಮೆ ತಿಳಿಯುತ್ತದೆ, ಪಕ್ಕದವರೊಡನೆ ಹಂಚಿಕೊಳ್ಳುವುದು ಅಭ್ಯಾಸವಾಗುತ್ತದೆ. ಆಟಿಕೆ ಆರಿಸುವಾಗ ಅಂಚು ಚೂಪಾಗಿರಬಾರದು, ಮಗುವಿನ ಮುಷ್ಟಿಗೆ ಸಿಗಬೇಕು, ತೂತಿರುವಂಥದ್ದೂ ಒಂದಿರಬೇಕು. ಊರಿನ ತಾಯಂದಿರಿಗೆ ಇದು ಹಿಡಿಸಲಿಲ್ಲ. ಮಣ್ಣಾಡಿಸಲು ಟೀಚರ್ ಯಾಕೆ, ಅದನ್ನು ಬೀದಿಯಲ್ಲೇ ಪುಕ್ಕಟೆ ಆಡುತ್ತವಲ್ಲ ಎನ್ನುವುದು ಅವರ ವಾದ. ಬರುವ ಮಕ್ಕಳು ಕಡಿಮೆಯಾದರು. ಹೀಗೇ ಆದರೆ ಬಾಲವಾಡಿಯನ್ನು ಕಾಲುವೆಯ ಕೆಳಗಿನ ಊರಿಗೆ ಎತ್ತಿಕೊಂಡು ಹೋಗುತ್ತೇವೆ ಎಂದು ಸುತ್ತಲ ಊರುಗಳ ಪಂಚಾಯ್ತಿಗಳನ್ನೆಲ್ಲ ನೋಡಿಕೊಳ್ಳುವ ಯೂನಿಯನ್ ಆಫೀಸಿನಿಂದ ಹೇಳಿ ಕಳಿಸಿದರು. ಅಲ್ಲಿ ಬೇರೆ ಟೀಚರು ಸಿದ್ಧರಾಗಿದ್ದರು. ನನ್ನ ಕೆಲಸ ಹೋಗುತ್ತದೆಂದು ನಿಜವಾಗಿ ಹೆದರಿದ್ದೆ.

ಗಾಜಿನ ಬೀರು

ಒಂದು ಸಲ ಆಫೀಸಿನಿಂದಲೇ ಆಟಿಕೆ ಬಂತು. ಬಣ್ಣ ಬಳಿದ ಬಕೆಟ್ಟು, ಪುಟ್ಟ ಸಲಿಕೆ, ಒಂದು ಜರಡಿ. ಅಂಚನ್ನೆಲ್ಲ ಬೆರಳಾಡಿಸಿ ನೋಡಿದೆ, ಮಡಿಚಿ ನುಣ್ಣಗೆ ಮಾಡಿದ್ದರು. ಖುಷಿಯಾಯಿತು. ಪಂಚಾಯ್ತಿ ಅಧ್ಯಕ್ಷರಿಗೂ ಖುಷಿಯಾಯಿತು. ಊರಿಗೆ ಬಂದ ಇಂಥ ಸಾಮಾನನ್ನು ಮಣ್ಣಿಗೆ ಹಾಕುವುದೇ ಎಂದು ತಮ್ಮ ಮನೆಗೆ ಒಯ್ದು, ಗಾಜಿನ ಬೀರುವಿನಲ್ಲಿ ತಂದೆಯ ಫೋಟೋ ಪಕ್ಕ ಇಟ್ಟರು. ನಾನು ಮತ್ತೆ ಮತ್ತೆ ಹೋಗಿ ಕೇಳಿದೆ. ಮಕ್ಕಳು ಸ್ವಲ್ಪ ದೊಡ್ಡವರಾಗಲಿ, ಕೊಡೋಣ ಎಂದರು.

ಕೊನೆಗೆ ಒಂದು ಒಪ್ಪಂದವಾಯಿತು. ಶುಕ್ರವಾರ ಮಕ್ಕಳನ್ನು ಸಾಲಾಗಿ ಕರೆದೊಯ್ದು ಗಾಜಿನ ಆಚೆಯಿಂದ ತೋರಿಸಿಕೊಂಡು ಬರುವುದು. ಮೊದಲ ದಿನವೇ ಒಂದು ಹುಡುಗಿ ಬೀರುವಿಗೆ ಕೈ ಮುಗಿದಳು. ಅವಳನ್ನು ನೋಡಿ ಎಲ್ಲರೂ ಮುಗಿದರು. ಕೆಲವು ವಾರ ಕಳೆಯುವಷ್ಟರಲ್ಲಿ ಅಧ್ಯಕ್ಷರ ಹೆಂಡತಿ ಬಂದ ಮಕ್ಕಳಿಗೆಲ್ಲ ಕಲ್ಲುಸಕ್ಕರೆ ಕೊಡತೊಡಗಿದರು.

ತೂತಿನ ಮಡಕೆ

ಜರಡಿ ಬೀರು ಸೇರಿತು, ತೂತಿನ ಆಟಿಕೆ ಬೇಕಲ್ಲ. ಕುಂಬಾರರ ಮನೆಗೆ ಹೋಗಿ ಪುಟ್ಟ ಮಡಕೆಗಳಿಗೆ ಹೊಟ್ಟೆಯಲ್ಲಿ ತೂತು ಮಾಡಿಕೊಡಿ ಎಂದೆ. ಅವರು ನನ್ನ ಮುಖವನ್ನು ಒಂದು ಥರ ನೋಡಿ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಅಂತ ವಿಚಾರಿಸಿದರು. ಚೆನ್ನಾಗಿದ್ದಾರೆ ಎಂದೆ. ಆಗಲೂ ನನ್ನ ತಲೆಗೆ ಹೊಳೆಯಲಿಲ್ಲ.

ಮರುದಿನ ಒಂದು ಮಗು ಮಡಕೆಗೆ ನೀರು ತುಂಬಿ, ಎಡ ಹೆಗಲ ಮೇಲಿಟ್ಟುಕೊಂಡು, ತೂತಿನಿಂದ ನೀರು ಸುರಿಸುತ್ತ ಮರಳಿನ ಗುಡ್ಡೆಯನ್ನು ಸುತ್ತತೊಡಗಿತು. ಬೇರೆ ಮಕ್ಕಳು ಹಿಂದೆ ಸೇರಿಕೊಂಡರು. ಗುಡ್ಡೆಯೊಳಗೆ ಕಾಲು ಹೂತುಕೊಂಡು ಮಲಗಿದ್ದದ್ದು ಊರಿನ ಕಂದಾಯ ನೋಡುವ ಮಣಿಯಗಾರರ ಮೊಮ್ಮಗ. ಅಷ್ಟರಲ್ಲಿ ಅವನನ್ನು ಕರೆದೊಯ್ಯಲು ಅವನ ಅಜ್ಜಿ ಬಂದರು. ಸುಡುಗಾಡಿನಲ್ಲಿ ಮಾಡುವುದನ್ನೆಲ್ಲ ನನ್ನ ಮೊಮ್ಮಗನಿಗೆ ಇಲ್ಲೇ ಮಾಡಿ ಮುಗಿಸಿಬಿಟ್ಟಿರಾ ಎಂದು ಅವರು ಕೂಗಿದ್ದು ಬಸ್ ನಿಲ್ದಾಣದವರೆಗೂ ಕೇಳಿಸಿತು. ಗಾಬರಿಯಲ್ಲಿ ಆ ಮಗು ಮಡಕೆಯನ್ನು ಹಿಂದಕ್ಕೆ ಬೀಳಿಸಿ ಒಡೆದುಹಾಕಿತು. ಒಂದೂ ತಪ್ಪಿಲ್ಲದೆ ಮಾಡಿತಲ್ಲ ಅಂತ ನನಗೆ ಒಳಗೊಳಗೇ ಅನ್ನಿಸಿತು.

ಅನ್ನದ ಪಾತ್ರೆ

ಆಮೇಲೆ ತೆಂಗಿನ ಕರಟಕ್ಕೆ ಬಂದೆ. ಉಜ್ಜಿ ನುಣುಪು ಮಾಡಿಕೊಟ್ಟೆ. ತನ್ನ ಮಗನಿಗೆ ಚಿಕ್ಕ ಕರಟ, ಎದುರುಮನೆಯವಳ ಮಗಳಿಗೆ ದೊಡ್ಡದು ಎಂದು ಒಬ್ಬ ತಾಯಿಗೆ ಸಿಟ್ಟು ಬಂತು. ಮಗನ ಕೈಗೆ ಮನೆಯಿಂದ ಅನ್ನ ಮಾಡುವ ಪಾತ್ರೆಯನ್ನೇ ಕೊಟ್ಟು ಕಳಿಸಿದಳು. ಅವನು ಅದರ ತುಂಬ ಮರಳು ತುಂಬಿ, ಮೇಲೆ ಹತ್ತಿ ಕುಳಿತ. ಒಲೆ ಹಚ್ಚುವ ಹೊತ್ತಿಗೆ ಅವಳು ಓಡಿ ಬಂದಳು. ಅವನು ಇಳಿಯಲಿಲ್ಲ. ಆ ದಿನ ಆ ಮನೆಯಲ್ಲಿ ಗಂಡಸರು ಊಟ ಮಾಡಿದ್ದು ಬಾಲವಾಡಿ ಬಿಟ್ಟ ಮೇಲೆ.

ಪೈರು ನಿಂತ ಹೊಲ

ನಮ್ಮ ಬೇವಿನ ಮರದ ಕೆಳಗೆ ಇಬ್ಬರು ತಾತಂದಿರು ಕೂರುತ್ತಿದ್ದರು, ಮೊಮ್ಮಕ್ಕಳನ್ನು ಬಿಡಲು ಬಂದವರು. ಒಬ್ಬರ ಗದ್ದೆ ನೀರು ಮೊದಲು ಮುಟ್ಟುವ ಕಾಲುವೆಯ ತಲೆಯಲ್ಲಿ, ಇನ್ನೊಬ್ಬರದು ಕೊನೆಗೆ ಮುಟ್ಟುವ ಬಾಲದಲ್ಲಿ. ನೀರಿನ ಜಗಳದಿಂದ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಮರದ ಆ ಕಡೆ ಒಬ್ಬರು, ಈ ಕಡೆ ಒಬ್ಬರು.

ಮಕ್ಕಳು ಆಫೀಸಿನವರು ಬಾಲವಾಡಿಗೆ ಕೊಟ್ಟಿದ್ದ ತಗಡಿನ ನೀರಿನ ತೊಟ್ಟಿಯಿಂದ ಪರಂಗಿ ದಂಟಿನ ಕೊಳವೆ ಇಟ್ಟು, ಮರಳಿನಲ್ಲಿ ಕಾಲುವೆ ತೋಡಿ, ಒಂದು ಹಿಡಿ ರಾಗಿ ಚೆಲ್ಲಿದರು. ಮೊಳಕೆ ಬಂತು. ಆದರೆ ಕೊನೆಯ ಮೂಲೆಗೆ ನೀರು ಹೋಗುತ್ತಿರಲಿಲ್ಲ. ಬಾಲದ ತಾತನಿಗೆ ನೋಡಿ ಸಹಿಸಲಾಗಲಿಲ್ಲ. ಇಳಿದು ಬೆರಳಲ್ಲಿ ಕಾಲುವೆ ತಿರುಗಿಸಿದರು. ತಲೆಯ ತಾತನೂ ಇಳಿದರು, ಮತ್ತೆ ಮುಚ್ಚಿದರು. ಮೊರೆ, ಅಂದರೆ ನೀರಿನ ಸರದಿ, ಇನ್ನೂ ಮುಗಿದಿಲ್ಲವೆಂದು ಮೊಮ್ಮಗಳ ಮೂಲಕ ಹೇಳಿ ಕಳಿಸಿದರು. ಕೆಲವೇ ದಿನದಲ್ಲಿ ಬೆಳಗ್ಗೆ ಒಬ್ಬರದು, ಮಧ್ಯಾಹ್ನ ಒಬ್ಬರದು ಎಂದು ಮೊರೆ ಗೊತ್ತಾಯಿತು. ಮರಳಿಗೆ ಗೊಬ್ಬರವೂ ಬಂದು ಬಿತ್ತು. ಯಾರು ಹಾಕಿದ್ದೆಂದು ಕೇಳಿದರೆ ಇಬ್ಬರೂ ಇನ್ನೊಬ್ಬರ ಕಡೆ ಗಲ್ಲ ಎತ್ತಿ ತೋರಿಸುತ್ತಿದ್ದರು.

ಹೀಗಿರುವಾಗ ಯೂನಿಯನ್ ಆಫೀಸಿನ ಮೇಲ್ವಿಚಾರಕಿ ಹೇಳದೆ ಕೇಳದೆ ಬಂದರು. ನಿಲಕ್ಕೋಟ್ಟೈ ಕಡೆಯ ರೈತರ ಮನೆಯವರು. ಅವರು ನೋಡಿದ್ದು ಇಷ್ಟು: ಪಂಚೆ ಎತ್ತಿ ಕಟ್ಟಿ ಮರಳಿನಲ್ಲಿ ಕುಕ್ಕರುಗಾಲಲ್ಲಿ ಕೂತ ಇಬ್ಬರು ಮುದುಕರು, ಜಗಲಿಯಲ್ಲಿ ಕೈಕಟ್ಟಿ ಕೂತ ಮಕ್ಕಳು. ನೀವ್ಯಾಕೆ ಆಡುತ್ತಿಲ್ಲ ಎಂದು ಕೇಳಿದರು. ಒಂದು ಹುಡುಗಿ ಎದ್ದು ನಿಂತು, ನಮ್ಮ ಮೊರೆ ಬಂದಿಲ್ಲ ಎಂದಳು.

ಮೇಲ್ವಿಚಾರಕಿ ನನ್ನ ಕಡೆ ತಿರುಗಿ, ಬಾಲವಾಡಿ ಕೆಳಗಿನ ಊರಿಗೆ ಹೋಗುವುದು ತೀರ್ಮಾನವಾಗಿದೆ, ತೊಟ್ಟಿ ಒಯ್ಯಲು ಗಾಡಿ ಬರುತ್ತದೆ ಎಂದರು. ಮಕ್ಕಳ ಬೆಳವಣಿಗೆ, ಕೈಯ ಹಿಡಿತ ಎಂದು ನಾನು ಏನೇನೋ ಹೇಳಿದೆ. ಅವರು ತಲೆ ಆಡಿಸಲಿಲ್ಲ. ಆಗ ತಲೆಯ ತಾತ ಎದ್ದು, ಅಷ್ಟು ವರ್ಷದ ಮೇಲೆ ಮೊದಲ ಸಲ ಬಾಲದ ತಾತನ ಮುಖ ನೋಡಿ ಮಾತಾಡಿದರು.

"ಕೇಳ್ದಾ? ಪೈರು ನಿಂತೈತೆ, ಈಗ ನೀರ ಕೆಳಗ್ಲ ಊರ್ಗೆ ಬುಡ್ಬೇಕಂತೆ."

"ಪೈರು ನಿಂತಿರೋವಾಗ ನೀರ ತಿರುಗ್ಸೋಕೆ ಕಲೆಕ್ಟರಿಂದ್ಲೂ ಆಗಾಕಿಲ್ಲ" ಎಂದರು ಬಾಲದ ತಾತ.

ಇದು ಬೀದಿಗೆ ಹೋಯಿತು. ತೊಟ್ಟಿ ಗಿಟ್ಟಿ ಯಾರಿಗೂ ಬೇಕಿರಲಿಲ್ಲ, ಆದರೆ ನೀರು ಕೆಳಗಿನ ಊರಿಗೆ ಎಂದ ಕೂಡಲೇ ಮಣ್ಣಾಟ ಬೇಡವೆಂದ ತಾಯಂದಿರೂ ಸೆರಗು ಸಿಕ್ಕಿಸಿಕೊಂಡು ಬಂದು ನಿಂತರು. ಮೇಲ್ವಿಚಾರಕಿ ಬಗ್ಗಿ ರಾಗಿಯ ಪೈರನ್ನು ಮುಟ್ಟಿ ನೋಡಿದರು. ಹೆತ್ತವರ ಮನೆ ನೆನಪಾಗಿರಬೇಕು. ಸರಿ, ಕೊಯ್ಲಾಗುವವರೆಗೆ ಇರಲಿ ಎಂದು ಬಸ್ಸು ಹತ್ತಿದರು. ಮಾರನೆಯ ದಿನದಿಂದ ಪೈರು ಕಾಯಲೆಂದು ಮಕ್ಕಳನ್ನು ತಾಯಂದಿರೇ ತಂದು ಬಿಡತೊಡಗಿದರು.

ತೆನೆ ಬಲಿತಾಗ ಮೇಲ್ವಿಚಾರಕಿ ಗಾಡಿಯನ್ನೂ ಕರೆದುಕೊಂಡೇ ಬಂದರು. ಮಕ್ಕಳು ಅವರೆದುರಿಗೇ ತೆನೆ ಕಿತ್ತು ಕರಟಗಳಿಗೆ ತುಂಬಿದರು. ಗಾಡಿಯವನು ತೊಟ್ಟಿಗೆ ಕೈ ಹಾಕಿದ. ಆಗ ಬಾಲದ ತಾತ ಮೇಲ್ವಿಚಾರಕಿಯನ್ನು ಮರಳಿನ ಮೂಲೆಗೆ ಕರೆದು ತೋರಿಸಿದರು. ಅಲ್ಲಿ ಅದಾಗಲೇ ಹಸಿರು ಮೊಳಕೆ ಸಾಲಾಗಿ ಎದ್ದಿತ್ತು.

ಇದೇನು ಎಂದು ಮೇಲ್ವಿಚಾರಕಿ ಇಬ್ಬರ ಮುಖವನ್ನೂ ನೋಡಿದರು. ತಲೆಯ ತಾತ ಮೇಲುಬಟ್ಟೆಯನ್ನು ಹೆಗಲಿಂದ ಇಳಿಸಿ, ಬಹಳ ವಿನಯದಿಂದ, ಅವರಿಗೆ ತಿಳಿಯಲೆಂದು ತಮಿಳಿನಲ್ಲೇ ಹೇಳಿದರು: "ಇದು ಎರಡು ಬೆಳೆ ಭೂಮಿ, ಅಮ್ಮಾ."