ನಮ್ಮ ಬ್ಯಾಂಡಿಗೆ ಬಿದ್ದ ಹಾರಗಳು

ನಲವತ್ತು ವರ್ಷ ಹಳೇ ಇಂಗ್ಲಿಷ್ ಪೋಸ್ಟ್-ಪಂಕ್ ಅನ್ನೋ ನಗುವಿಲ್ಲದ ರಾಕ್ ಸಂಗೀತದ ಬ್ಯಾಂಡೊಂದರ ಹಾಡುಗಳನ್ನ ಲಿಂಗರಾಜಪುರದಲ್ಲಿ ನುಡಿಸ್ಕೊಂಡಿರೋರಿಗೆ ಮರ್ಯಾದೆ ಹೋಗೋಕೆ ವಿಶೇಷ ಕಾರಣ ಬೇಕಾಗಲ್ಲ, ವಾರಕ್ಕೊಂದು ಸಲ ತಾನಾಗೇ ಹೋಗ್ತಿರುತ್ತೆ. ನಾವು ಮೂರೇ ಜನ. ಗಿಟಾರ್ ಹಿಡಿದು ಹಾಡೋ ನಾನು, ಬೇಸ್ ಗಿಟಾರಿಗೆ ನನ್ನ ತಂಗಿ, ಡ್ರಮ್ಸಿಗೆ ರಿಚರ್ಡ್ಸ್ ಟೌನಿನ ಗೆಳೆಯ.

೧. ಗೋಡೆ ನೋಡೋ ಗಾಯಕ

ಆ ಬ್ಯಾಂಡಿನ ವಿಷಯ ಎಲ್ಲಾ ಈ ಗೆಳೆಯನಿಗೆ ಬಾಯಿಪಾಠ. ಇಂದಿರಾನಗರದಲ್ಲೊಂದು ಕ್ವಿಜ್‌ಗೆ ಹೋದಾಗ ಅದರದೇ ಪ್ರಶ್ನೆ ಬಂತು: ಮೊದಲ ವಿಡಿಯೋದಲ್ಲಿ ಗಾಯಕ ಕ್ಯಾಮರಾ ನೋಡದೆ ಗೋಡೆ ನೋಡ್ತಾನಲ್ಲ, ಯಾಕೆ? ಇವನು ಮೈಕ್ ತಗೊಂಡು ಆಧುನಿಕ ಮನುಷ್ಯನ ಒಂಟಿತನದ ಬಗ್ಗೆ ಐದು ನಿಮಿಷ ಕೊರೆದ. ಪಕ್ಕದ ಟೇಬಲ್ಲಿನವರು ಚಪ್ಪಾಳೆ ಬೇರೆ ತಟ್ಟಿದ್ರು. ಸರಿಯುತ್ತರ ಏನಪ್ಪಾ ಅಂದ್ರೆ, ಗಾಯಕನಿಗೆ ಹಾಡು ಮರ್ತುಹೋಗಿತ್ತು, ಚೀಟಿ ಗೋಡೆಗೆ ಅಂಟಿಸಿದ್ರು. ಅವತ್ತಿಂದ ನಾನೂ ಅಂಟಿಸ್ತೀನಿ.

೨. ದೊಡ್ಡಪ್ಪನ ಷರತ್ತು

ನಮ್ಮ ಪ್ರಾಕ್ಟೀಸು ದೊಡ್ಡಪ್ಪನ ಮನೆ ಮಹಡಿ ರೂಮಲ್ಲಿ. ಹೊಲ ಹೋಗಿ ಬಿಲ್ಡಿಂಗ್ ಬಂದ್ರೂ ಅವರು ಭಜನೆ ಮಂಡಳಿ ಬಿಟ್ಟಿಲ್ಲ. ಒಂದಿನ ಮೇಲೆ ಬಂದು, ಕಣ್ಮುಚ್ಚಿ ಹಾಡು ಪೂರ್ತಿ ಕೇಳಿದ್ರು. ನನಗೆ ಎದೆ ಉಬ್ಬಿತು.

"ಅಲ್ಲ ಮಗಾ, ಒಂದೇ ಸಾಲು ಇಷ್ಟೊತ್ತು ಹಾಡಿದ್ಯಲ್ಲ. ಭಜನೇಲಿ ನಾವೂ ಹಾಡ್ತೀವಿ, ದೇವರು ಬರ್ಲಿ ಅಂತ. ನೀನು ಯಾರನ್ನ ಕರೀತಿದ್ಯ?"

ರೂಮನ್ನ ಒಬ್ಬ ಟೈಲರ್‌ಗೆ ಬಾಡಿಗೆಗೆ ಕೊಡೋ ಯೋಚನೆ ಇದೆ ಅಂತಲೂ ಅಂದ್ರು. ಡ್ರಮ್ಸ್ ಅಂದ ಕೂಡ್ಲೇ ಬಾಗಿಲು ಹಾಕದ ಓನರ್ ಈ ಏರಿಯಾದಲ್ಲಿ ಇನ್ನೊಬ್ಬರಿಲ್ಲ. ತಂಗಿ ಗೋಗರೆದ ಮೇಲೆ ಒಂದು ಷರತ್ತು ಹಾಕಿದ್ರು: ನಮ್ಮ ಬೀದಿ ರಾಜ್ಯೋತ್ಸವದಲ್ಲಿ ನುಡಿಸಬೇಕು. ಜನ ಸೇರಿದ್ರೆ ರೂಮ್ ನಮ್ಮದು.

೩. ಫ್ಲೆಕ್ಸ್

ಜನ ಸೇರಿಸೋಕೆ ಫ್ಲೆಕ್ಸ್ ಮಾಡಿಸಿದ್ವಿ. ಆ ಬ್ಯಾಂಡಿನ ಮೊದಲ ಆಲ್ಬಮ್ಮಿನ ಕವರ್ ಥರಾನೇ ಇರ್ಬೇಕು ಅಂತ ಗೆಳೆಯನ ಹಟ. ಕಪ್ಪುಬಿಳುಪು ಫೋಟೋ, ಮೂರು ಮುಖ, ಒಬ್ಬರೂ ನಗಬಾರದು. ಕೆಳಗೆ ನಮ್ಮ ಹೆಸರು, ತಾರೀಕು, ಸಂಜೆ ಆರು ಗಂಟೆ. ಫ್ಲೆಕ್ಸ್ ಅಂಗಡಿಯವರು ವಾಡಿಕೆಯಂತೆ ಎರಡೂ ಕಡೆ ಉರಿಯೋ ದೀಪ ಸೇರಿಸಿ ಕೊಟ್ರು. ಕೇಳದೇ ಹಾಕಿದ್ದಾರೆ, ಪಾಪ ಒಳ್ಳೇ ಜನ ಅಂದ್ಕೊಂಡ್ವಿ. ಕಾರ್ಯಕ್ರಮದ ದಿನ ಮಧ್ಯಾಹ್ನ ದೊಡ್ಡಪ್ಪನ ಗೇಟಿಗೆ ಕಟ್ಟಿದ್ವಿ. ಯಾರೋ ಅದರ ಫೋಟೋ ತೆಗೆದು ಸಂಬಂಧಿಕರ ಗ್ರೂಪಿಗೆ ಹಾಕಿದ್ದು ನಮಗೆ ಗೊತ್ತಾಗ್ಲಿಲ್ಲ.

ಐದೂವರೆಗೇ ಬೀದಿ ತುಂಬಿಹೋಯ್ತು. ಕಲ್ಯಾಣ ನಗರದಿಂದೆಲ್ಲ ಬಂದಿದ್ರು. ಒಬ್ಬರೂ ಮಾತಾಡ್ತಿಲ್ಲ, ಎಲ್ಲರದೂ ತಗ್ಗಿಸಿದ ತಲೆ. ಕೊನೆಗೂ ನಮ್ಮ ಸಂಗೀತ ಅರ್ಥ ಮಾಡ್ಕೊಳ್ಳೋ ಜನ ಸಿಕ್ಕಿದ್ರಲ್ಲ ಅಂದ್ಕೊಂಡೆ. ಸ್ಟೇಜ್ ಹತ್ತಿ ಮೈಕ್ ಹಿಡಿದೆ. ಕೆ.ಆರ್. ಪುರದ ಸೋದರತ್ತೆ ದೊಡ್ಡ ಹಾರ ಹಿಡ್ಕೊಂಡು ಅಳ್ತಾ ಬಂದವರು ಗಕ್ಕಂತ ನಿಂತ್ರು. ಫ್ಲೆಕ್ಸ್ ನೋಡಿದ್ರು, ನನ್ನ ನೋಡಿದ್ರು.

"ಇದ್ದೀಯೇನೋ?"

"ಇದ್ದೀನತ್ತೆ."

ಖುಷಿಪಡೋದಿರಲಿ, ಕೆಂಡವಾದ್ರು. ತಂದ ಹಾರ ವಾಪಸ್ ತಗೊಂಡ್ಹೋಗಬಾರದು ಅಂತ ನನ್ನ ಕೊರಳಿಗೇ ಹಾಕಿ ಹೋದ್ರು. ಅವರ ಹಿಂದೆ ಹಾರ ತಂದಿದ್ದೋರೆಲ್ಲ ಸಾಲು ನಿಂತ್ರು. ಗಿಟಾರೇ ಕಾಣದಂಗಾಯ್ತು.

ಹಾರದ ಸಾಲು ಮುಗಿದ್ಮೇಲೆ ದೊಡ್ಡಪ್ಪ ಹತ್ತಿರ ಬಂದ್ರು. ಇನ್ನು ರೂಮಿನ ಆಸೆ ಬಿಡ್ಬೇಕು ಅಂತ ಹಾರ ಒಂದೊಂದೇ ತೆಗೆಯೋಕೆ ಶುರು ಮಾಡಿದೆ.

"ಜನ ಸೇರಿದ್ರೆ ಅಂದಿದ್ದೆ, ಸೇರಿದ್ರು. ಯಾಕೆ ಸೇರಿದ್ರು ಅಂತ ನಾನು ಕೇಳಲ್ಲ, ರೂಮ್ ನಿಮ್ದೇ. ಆದ್ರೆ ಹಾಡೋದಿದ್ರೆ ಬೇಗ ಹಾಡಿ ಮುಗಿಸು. ಬಂದೋರೆಲ್ಲ ಮನೆಗೆ ಹೋಗಿ ತಲೆಗೆ ಸ್ನಾನ ಮಾಡ್ಬೇಕು."