ಲಾಗ ಹಾಕಿದ ಮೇಲೆ ನೀರು ಬಂತು

ಇಂಥವು ನನಗೇ ಯಾಕೆ ಗಂಟು ಬೀಳ್ತವೋ ಆ ದೇವರಿಗೇ ಗೊತ್ತು. ರಾಜಾಜಿನಗರದ ಒಂದು ಸಣ್ಣ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳೋದು ನನ್ನ ಕೆಲಸ. ಪರದೆ ಮೇಲೆ ಕಾಣಿಸದೆ ಹಿಂದೆ ಕೂತು ದುಡಿಯೋ ಪ್ರೋಗ್ರಾಮುಗಳು ಇರ್ತವಲ್ಲ, ಅವು ತಮ್ಮಷ್ಟಕ್ಕೆ ಗೊಣಗೋದನ್ನೆಲ್ಲ ಹಿಡಿದು ಒಂದು ಫೈಲಿನಲ್ಲಿ ಬರೆಸಿಡಬೇಕು. ಅದಕ್ಕೆ ಲಾಗ್ ಅಂತಾರೆ. ಇಷ್ಟು ವರ್ಷ ಆದರೂ ಆ ಗೊಣಗಾಟ ಓದುವಾಗ ನನಗೆ ಮೈ ಜುಮ್ ಅನ್ನುತ್ತೆ. ಆಫೀಸಿನಲ್ಲಿ ಮಾಡಿದ್ದು ಸಾಲದು ಅಂತ ಗೋವಿಂದರಾಜನಗರದ ನಮ್ಮ ರಸ್ತೆಗೂ ಒಂದು ಪ್ರೋಗ್ರಾಮ್ ಬರೆದುಕೊಟ್ಟೆ ನೋಡಿ, ಅಲ್ಲಿಂದ ಶುರುವಾಯ್ತು.

ನಮ್ಮ ರಸ್ತೆಗೆ ಕಾವೇರಿ ನೀರು ಇಂಥ ಹೊತ್ತಿಗೇ ಬರುತ್ತೆ ಅಂತಿಲ್ಲ. ಮೊದಲು ಬರೋದು ಕೆಸರು. ಹಾಗಾಗಿ ಎಲ್ಲರೂ ನೆಲದಡಿಯ ಸಂಪಿನ ನಲ್ಲಿ ಮುಚ್ಚಿಟ್ಟು, ನೀರು ತಿಳಿಯಾದ ಮೇಲೆ ತಿರುಗಿಸ್ತೀವಿ. ಮೊದಲನೇ ಮನೆಯವರು ಪಕ್ಕದವರಿಗೆ ಕೂಗಿ, ಅವರು ಅವರ ಪಕ್ಕದವರಿಗೆ ಕೂಗಿ, ಕೊನೇ ಮನೆಯಾದ ನಮಗೆ ಸುದ್ದಿ ಮುಟ್ಟೋ ಹೊತ್ತಿಗೆ ನೀರೇ ನಿಂತಿರೋದು. ಅದಕ್ಕೇ ಈ ಏರ್ಪಾಡು: ನೀರಿನ ವಾಲ್ವ್ ಬಿಡೋ ಅಣ್ಣ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಪ್ರೋಗ್ರಾಮು ರಸ್ತೆಯ ಮೊಬೈಲ್ ಗ್ರೂಪಿಗೆ ‘ನೀರು ಬಂತು’ ಅಂತ ಮೆಸೇಜ್ ಹಾಕುತ್ತೆ. ಚೆನ್ನಾಗೇ ನಡೀತಿತ್ತು. ಇದ್ದಕ್ಕಿದ್ದ ಹಾಗೆ ಕೆಲವು ದಿನ ನೀರು ಬಂದರೂ ಮೆಸೇಜು ಬರದೇ ಹೋಗೋದು ಶುರುವಾಯ್ತು.

ಈ ವಯಸ್ಸಿಗೆ

ರಸ್ತೆ ಸಂಘದ ಕಾರ್ಯದರ್ಶಿಗಳು ರಿಟೈರಾದ ಹಿರಿಯರು. ಪಾರ್ಕಿನ ಸಭೆಯಲ್ಲಿ ಎಲ್ಲರ ಎದುರಿಗೇ ಹೇಳಿಬಿಟ್ಟರು: “ಮುಂದಿನ ಸಭೆಯೊಳಗೆ ಸರಿಹೋದರೆ ಸರಿ. ಇಲ್ಲಾಂದ್ರೆ ಈ ಕಂಪ್ಯೂಟರ್ ಉಸಾಬರಿನೇ ಬೇಡ, ಮೊದಲಿನ ಹಾಗೆ ಕೂಗಿಕೊಳ್ಳೋಣ.”

ಮತ್ತೆ ಕೂಗೋ ಪದ್ಧತಿ ಬಂದರೆ ಕೊನೇ ಮನೆಗೆ ಗತಿಯೇನು?

“ಸಾರ್, ನಾನು ಲಾಗ್ ಹಾಕಿರಲಿಲ್ಲ, ಅದೇ ತಪ್ಪಾಗಿದ್ದು. ಇವತ್ತೇ ಮನೆಗೆ ಹೋಗಿ ಲಾಗ್ ಹಾಕ್ತೀನಿ, ಎಲ್ಲ ಗೊತ್ತಾಗುತ್ತೆ” ಅಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ದನಿ ತಗ್ಗಿಸಿದರು: “ಈ ವಯಸ್ಸಲ್ಲಿ ಲಾಗ ಹಾಕೋದು ಬೇಡಮ್ಮ. ಸೊಂಟ ಗಿಂಟ ಉಳುಕೀತು.”

ಎದುರಿಗೆ ಒಂದು, ಹಿಂದೆ ಒಂದು

ಲಾಗ್ ಹಾಕಿದೆ. ಫೈಲು ಖಾಲಿ! ಪ್ರೋಗ್ರಾಮನ್ನ ಪರದೆ ಮೇಲೆ ನನ್ನ ಕಣ್ಣೆದುರಿಗೇ ಓಡಿಸಿದರೆ ಪಟಪಟ ಅಂತ ಮಾತಾಡುತ್ತೆ. ಹಿಂದಕ್ಕೆ ಕಳಿಸಿದೆನೋ, ಗಪ್‌ಚುಪ್. ಆಮೇಲೆ ಗೊತ್ತಾಯ್ತು, ನೋಡೋರಿಲ್ಲದಾಗ ಇವು ಮಾತನ್ನೆಲ್ಲ ಒಳಗೇ ಕೂಡಿಟ್ಟುಕೊಂಡು, ಹೊಟ್ಟೆ ತುಂಬಿದ ಮೇಲೇ ಒಟ್ಟಿಗೆ ಕಕ್ಕೋದು. ಅಬ್ಬಾ, ಒಂದು ಯಂತ್ರಕ್ಕೆ ಎಂಥ ಸ್ವಭಾವ! ನಾನು ಬೆರಗಾಗಿ ಯಜಮಾನರಿಗೆ ಫೋನಿನಲ್ಲಿ ಹೇಳ್ತಾ ಇದ್ದೆ: “ನಾನು ಎದುರಿಗಿದ್ರೆ ಎಲ್ಲ ಹೇಳುತ್ತೆ ಕಣ್ರೀ. ಆ ಕಡೆ ಹೋದ್ರೆ ಬಾಯೇ ಬಿಡಲ್ಲ. ಎಲ್ಲ ಒಳಗೇ ಇಟ್ಕೊಳ್ಳುತ್ತೆ.”

ಪಕ್ಕದಲ್ಲಿ ಅವರೆಕಾಳು ಹಿದುಕುತ್ತಿದ್ದ ಅತ್ತೆ ನಿಟ್ಟುಸಿರು ಬಿಟ್ಟರು. “ನನ್ನ ಮಗ ಚಿಕ್ಕೋನಿದ್ದಾಗ್ಲಿಂದ ಹಂಗೇ ಕಣಮ್ಮ. ಇಷ್ಟು ವರ್ಷ ಸಂಸಾರ ಮಾಡಿ ಈಗ ಗೊತ್ತಾಯ್ತಾ ನಿಂಗೆ?”

ಎತ್ತದ ಫೋನು

ಕೂಡಿಡಬೇಡ, ಆಗಿಂದಾಗ್ಗೆ ಬಾಯಿಬಿಡು ಅಂತ ಪ್ರೋಗ್ರಾಮಿಗೆ ತಾಕೀತು ಮಾಡಿದೆ. ಇವಕ್ಕೆ ಎರಡು ಬಾಯಿ. ಒಂದರಲ್ಲಿ ಸುದ್ದಿ ಹೇಳುತ್ತೆ, ಇನ್ನೊಂದರಲ್ಲಿ ತಕರಾರು. ತಕರಾರಿಗೆ ಅಂತಲೇ ಬೇರೆ ಫೈಲು ಇಟ್ಟೆ. ವಾರಗಟ್ಟಲೆ ಕಾದರೂ ಅದರಲ್ಲಿ ಒಂದಕ್ಷರ ಇಲ್ಲ! ಸಭೆ ಹತ್ತಿರ ಬಂತು, ನಮ್ಮ ಸಂಪು ಒಣಗಿ ಹೆಗ್ಗನಹಳ್ಳಿ ಕಡೆಯಿಂದ ಟ್ಯಾಂಕರ್ ತರಿಸಿದ್ದಾಯ್ತು, ಫೈಲು ಮಾತ್ರ ಬೆಳ್ಳಗೆ ಹಲ್ಲು ಕಿಸೀತಿತ್ತು.

ರೇಗಿಹೋಗಿ ವಾಲ್ವ್ ಅಣ್ಣನನ್ನೇ ಹಿಡಿದೆ. “ದಿನಾ ಕಾಲ್ ಕೊಡ್ತಿದ್ದೀರಾ ತಾನೇ?”

“ತಾಯಾಣೆ ಕೊಡ್ತಿದೀನಿ ಅಕ್ಕ. ಒಂದೇ ರಿಂಗು, ಕಟ್ಟು. ಆದ್ರೂ ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ.”

“ಏನು?”

“ನಿಮ್ ಕಂಪ್ಯೂಟರ್‌ಗೆ ಸ್ವಲ್ಪ ಜಂಬ. ಇಷ್ಟು ದಿನ ಮಿಸ್ಡ್ ಕಾಲ್ ಕೊಟ್ಟಿದೀನಿ, ಒಂದಿನಾನಾದ್ರೂ ತಿರುಗಿ ಮಾಡ್ಲಿಲ್ಲ.”

ಸಂಪು

ಸಭೆಯ ದಿನ ಅತ್ತೆ ಜೊತೆ ಪಾರ್ಕಿಗೆ ಹೋದೆ, ತಲೆ ತಗ್ಗಿಸಿಕೊಂಡೇ. ಕಾರ್ಯದರ್ಶಿಗಳು “ಏನಾಯ್ತಮ್ಮ?” ಅಂದರು. “ಎಲ್ಲಿ ಕೈಕೊಡ್ತಿದೆ ಅಂತ ಗೊತ್ತಾಗ್ಲಿಲ್ಲ ಸಾರ್. ನಿಮ್ಮಿಷ್ಟದಂತೆ ಆಗಲಿ” ಅಂದೆ.

ಮೂಲೆ ಮನೆ ಆಂಟಿ ಎದ್ದು ನಿಂತರು. “ಕೈಕೊಡೋದಾ? ಇಷ್ಟು ಚೆನ್ನಾಗಿ ಬರ್ತಿದೆಯಲ್ಲಮ್ಮ ಮೆಸೇಜು!” ಅಂತ ಫೋನು ನನ್ನ ಮೂತಿಗೆ ಹಿಡಿದರು. ರಸ್ತೆಯ ಗ್ರೂಪು. ಉದ್ದಕ್ಕೂ ಇಂಗ್ಲಿಷಿನಲ್ಲಿ ಸಾಲು ಸಾಲು: ‘ಅನ್‌ನೋನ್ ಕಾಲರ್, ಒನ್ ರಿಂಗ್, ಇಗ್ನೋರ್ಡ್.’

ಅಯ್ಯೋ ನನ್ನ ಕರ್ಮವೇ! ತಕರಾರಿನ ಬಾಯಿಯನ್ನ ಫೈಲಿಗೆ ತಿರುಗಿಸೋ ಬದಲು ಗ್ರೂಪಿಗೆ ಹೋಗೋ ದಾರಿಗೇ ಸೇರಿಸಿಬಿಟ್ಟಿದ್ದೆ, ಕಾವೇರಿ ಪೈಪಿಗೆ ಮೋರಿ ನೀರು ಸೇರೋ ಹಾಗೆ. ಅಷ್ಟು ದಿನ ನಾನು ಹುಡುಕಿದ ಲಾಗ್ ಇಡೀ ರಸ್ತೆಯ ಅಂಗೈಯಲ್ಲಿತ್ತು. ನಾನು ನೋಡಿರಲಿಲ್ಲ ಯಾಕೆ ಅಂದರೆ, ನೀರಿನ ಮೆಸೇಜನ್ನ ಹೇಗೂ ನಂಬೋ ಹಾಗಿಲ್ಲ ಅಂತಾದ ಮೇಲೆ, ಬೆಳಗಾದರೆ ಬರೋ ಗುಲಾಬಿ ಹೂವು, ಶುಭೋದಯಗಳ ಕಾಟ ತಡೀಲಾರದೆ ಆ ಗ್ರೂಪನ್ನ ಮ್ಯೂಟ್ ಮಾಡಿ ಮೂಲೆಗೆ ತಳ್ಳಿದ್ದೆ. ಯಜಮಾನರು ಪಾರ್ಕಿಂಗ್ ಜಗಳದಲ್ಲಿ ಗ್ರೂಪಿಂದಲೇ ಎದ್ದುಬಂದಿದ್ದರು. ಅತ್ತೆಗೆ ಇರೋದು ಬಟನ್ ಫೋನು.

“ಇದು ಬಂದ್ರೆ ನೀರು ಬಂತು ಅಂತ ಲೆಕ್ಕ ಕಣಮ್ಮ” ಆಂಟಿ ವಿವರಿಸಿದರು. “ವಾಲ್ವ್‌ನವನು ಒಂದ್ ಸಿಮ್ಮಿಗೆ ರೀಚಾರ್ಜ್ ಮುಗಿದ್ರೆ ಇನ್ನೊಂದರಲ್ಲಿ ಕೊಡ್ತಾನೆ. ಆ ನಂಬರ್ ನಿಮ್ ಕಂಪ್ಯೂಟರಿಗೆ ಗೊತ್ತಿಲ್ಲ, ಅದಕ್ಕೇ ಅನ್‌ನೋನು.”

“ಲೋನ್ ಬೇಕಾ ಅಂತ ಮಾಡೋರೂ ಅನ್‌ನೋನೇ ಅಲ್ವಾ ಆಂಟಿ?”

“ಅವರು ಪೂರ್ತಿ ರಿಂಗ್ ಮಾಡ್ತಾರೆ. ಒನ್ ರಿಂಗ್ ಅಂತ ಇದ್ರೆ ಮಾತ್ರ ನಾವು ನಲ್ಲಿ ತಿರುಗಿಸೋದು.”

ಹೇಳಿಕೊಡೋರಿಲ್ಲದೆ ಇಡೀ ರಸ್ತೆ ಲಾಗ್ ಓದೋದು ಕಲಿತಿತ್ತು! ಅಷ್ಟೂ ಜನಕ್ಕೆ ಕೈ ಮುಗಿಯೋಣ ಅನ್ನಿಸ್ತು. “ನಂಗೆ ಯಾಕೆ ಹೇಳ್ಲಿಲ್ಲ ಆಂಟಿ?” ಅಂದೆ. “ಕಳಿಸೋರೇ ನೀವು, ನಿಮಗೇನು ಹೇಳೋದು ಅಂತ ಸುಮ್ನಿದ್ವಿ.”

“ಇವತ್ತೇ ಸರಿಮಾಡ್ತೀನಿ” ಅಂದೆ.

“ಮುಟ್ಟಬೇಡಿ!” ಸಭೆಗೆ ಸಭೆಯೇ ಕೂಗಿತು.

ಕಾರ್ಯದರ್ಶಿಗಳು ಎದ್ದು ನಿಂತು ಕೈ ಜೋಡಿಸಿದರು. “ನಾನು ಬೇಡ ಅಂದ್ರೂ ಕೇಳದೆ, ಈ ತಾಯಿ ಸೊಂಟ ಲೆಕ್ಕಿಸದೆ ಲಾಗ ಹಾಕಿದ್ರು. ಇವತ್ತು ನಮ್ಮ ರಸ್ತೆಯಲ್ಲಿ ನೀರಿಲ್ಲದ ಸಂಪು ಅಂತ ಒಂದಾದ್ರೂ ಇದೆಯಾ?”

ಹಿಂದಿನ ಬೆಂಚಿನಿಂದ ಅತ್ತೆ ಕೈ ಎತ್ತಿದರು.

“ಲಾಗ ಹಾಕಿದವಳದ್ದೇ ಒಂದಿದೆ, ಸ್ವಾಮಿ.”